ಮಸ್ತಾನ್ ಸಾಹೇಬರು ಕಾರನ್ನು ಅಂಗಾತ ಮಲಗಿಸಿದ್ದು

ತಲೆ ತುರಿಸಿದಾಗ ಮಸ್ತಾನ್ ಸಾಹೇಬರು ಕೈಯನ್ನು ತಲೆಗೆ ಒಯ್ಯುತ್ತಿರಲಿಲ್ಲ, ತಲೆಯನ್ನು ಕೈಯ ಹತ್ತಿರ ತರುತ್ತಿದ್ದರು. ಬಾಚಣಿಗೆಯನ್ನು ಅಂಗಡಿಯ ಮೇಜಿಗೆ ಬಿಗಿದಿದ್ದ ವೈಸಿನ ಇಕ್ಕಳಕ್ಕೆ ಕಚ್ಚಿಸಿ, ಮಂಡಿಯೂರಿ, ತಲೆಯನ್ನು ಹಿಂದೆ ಮುಂದೆ ಆಡಿಸಿ ಬಾಚಿಕೊಳ್ಳುತ್ತಿದ್ದರು. ಟೋಪಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಬಗ್ಗಿ, ತಲೆಯನ್ನೇ ಅದರೊಳಗೆ ಇಳಿಸಿ ಮೇಲೇಳುತ್ತಿದ್ದರು. ದೊಡ್ಡಬಳ್ಳಾಪುರದಲ್ಲಿ ಹೊಸದಾಗಿ ಅವರನ್ನು ನೋಡಿದವರು ಇದು ಯಾವುದೋ ಹರಕೆ ಇರಬೇಕು ಅಂದುಕೊಳ್ಳುತ್ತಿದ್ದರು.

ಹರಕೆಯೇನಲ್ಲ, ಭುಜ ಹಿಡಿದುಕೊಂಡಿತ್ತು. ಎರಡೂ ಭುಜ ಎಂದು ನನ್ನ ನೆನಪು. ಅವರ ಹೆಂಡತಿ ಜೈಬುನ್‌ಬೀ ಬಲಭುಜ ಪೂರ್ತಿ, ಎಡಭುಜ ಅರ್ಧ ಎನ್ನುತ್ತಾರೆ. ರಾತ್ರಿಯೆಲ್ಲಾ ಆ ಭುಜಗಳಿಗೆ ಎಣ್ಣೆ ತಿಕ್ಕಿದವರು ಅವರು, ಅವರ ಮಾತನ್ನೇ ನಂಬೋಣ. ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ ಎನ್ನುವುದರಲ್ಲಂತೂ ಅನುಮಾನವಿಲ್ಲ.

ಇಂಥ ಮನುಷ್ಯ ಕಲಿತಿದ್ದ ಕೆಲಸವೋ, ತಲೆಯ ಮೇಲೆ ಕೈ ಎತ್ತಿಯೇ ಮಾಡಬೇಕಾದದ್ದು. ಹಳೆಯ ಕಾರುಗಳ ಒಳಗೆ, ಕೂತವರ ತಲೆಯ ಮೇಲೆ ಬಿಗಿದಿರುವ ಬಟ್ಟೆಗೆ ನಮ್ಮ ಕಡೆ ಟಾಪ್ ಎನ್ನುತ್ತಾರೆ. ಅದನ್ನು ಹಾಕುವುದರಲ್ಲಿ ಅವರನ್ನು ಮೀರಿಸಿದವರು ಆ ಸೀಮೆಯಲ್ಲಿ ಇರಲಿಲ್ಲವಾದ್ದರಿಂದ ಟಾಪ್ ಮಸ್ತಾನ್ ಎಂದೇ ಹೆಸರು. ಅಂಗಡಿಯಲ್ಲಿ ಸ್ಕೂಟರ್ ಸೀಟು, ಬಸ್ಸಿನ ಕುಶನ್ನು ಎಲ್ಲವನ್ನೂ ಹೊಲಿಯುತ್ತಿದ್ದರು. ಆದರೆ ಅವುಗಳನ್ನು ಕೆಲಸ ಎಂದು ಕರೆಯುತ್ತಿರಲಿಲ್ಲ. "ಸೀಟು ಮೇಲೆ ಎಲ್ರೂ ಕೂತ್ಕೊತಾರೆ ಟೀಚರಮ್ಮ, ಯಾರೂ ನೋಡಲ್ಲ. ಟಾಪ್ ಮೇಲೆ ಯಾರೂ ಕೂರಲ್ಲ, ಅದಕ್ಕೇ ಅದು ಮರ್ಯಾದೆ ಕೆಲ್ಸ" ಎನ್ನುತ್ತಿದ್ದರು.

ನಾನು ದೊಡ್ಡಬೆಳವಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸೋದರಮಾವ ಓಡಿಸುತ್ತಿದ್ದ ಹಳೆಯ ಅಂಬಾಸಿಡರ್ ನನ್ನ ಪಾಲಿಗೆ ಬಂತು. ಎಂಜಿನ್ ಗಟ್ಟಿಯಾಗಿತ್ತು, ಟಾಪ್ ಮಾತ್ರ ಜೋತುಬಿದ್ದಿತ್ತು. ಕಾರು ಓಡಿಸುವಾಗ ಆ ಬಟ್ಟೆ ಸೆರಗು ಹೊದಿಸಿದ ಹಾಗೆ ನನ್ನ ತಲೆಯ ಮೇಲೆ ಕೂರುತ್ತಿತ್ತು. ಶಾಲೆಯ ಗೇಟಿನಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಪ್ರತಿದಿನ ಬೆಳಿಗ್ಗೆ "ಮದುಮಗಳು ಬಂದ್ರು" ಎನ್ನುತ್ತಿದ್ದರು. ಗುಂಡುಸೂಜಿ ಚುಚ್ಚಿ ನೋಡಿದೆ. ಹಂಪು ಹಾರಿದಾಗಲೆಲ್ಲ ಒಂದೆರಡು ಗುಂಡುಸೂಜಿ ನನ್ನ ಮೇಲೇ ಉದುರಿದವು. ಬೆಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದರೆ, ಸ್ಪಂಜು ಇರುವ ಬಟ್ಟೆಯನ್ನು ಗೋಂದಿನಲ್ಲಿ ಅಂಟಿಸಿಬಿಡುತ್ತೇವೆ, ಅರ್ಧ ದಿನ ಸಾಕು ಎಂದರು. ಇದನ್ನು ಮಸ್ತಾನ್ ಸಾಹೇಬರ ಮುಂದೆ ಹೇಳಿದ್ದೇ ನನ್ನ ತಪ್ಪು.

"ಅಂಟ್ಸೋದಾ?" ಎಂದರು. ಗೋಡೆಗೆ ಪೋಸ್ಟರ್ ಅಂಟಿಸುವ ಜಾತಿಯವರನ್ನು ನೆನೆದಂತಿತ್ತು ಮುಖ. "ಟಾಪ್ ಅನ್ನೋದು ತೂಗು ಹಾಕೋದು ಟೀಚರಮ್ಮ. ಒಳಗೆ ನಾಕು ಕಂಬಿ ಇರ್ತವೆ ಕಮಾನಿನಂಗೆ. ಬಟ್ಟೆ ಆ ಕಂಬಿ ಹಿಡ್ಕೊಂಡು ನಿಲ್ಬೇಕು, ಮೇಲಿನ ತಗಡು ಮುಟ್ಬಾರ್ದು. ಬಿಡಿ ಗಾಡಿನ."

ಒಳಗಿನಿಂದ ಜೈಬುನ್‌ಬೀ ದನಿ ಬಂತು. "ಬಿಡ್ಬೇಡಿ ಟೀಚರಮ್ಮ. ಅವರ ಕೈ ಏಳಲ್ಲ. ಹೋದ್ ಸಲ ಒಂದು ಜೀಪ್ ಟಾಪ್ ಹಾಕೋಕೆ ಹೋಗಿ ತಿಂಗ್ಳು ಮಲಗಿದ್ರು. ನಾನು ಅನ್ನ ತಿನ್ಸಿದೀನಿ, ಕೂಸಿಗೆ ತಿನ್ಸಿದಂಗೆ."

"ಇದೊಂದು" ಎಂದರು ಸಾಹೇಬರು.

"ಆಗ್ದೇ ಹೋದ್ರೆ?"

"ಆಗ್ದೇ ಹೋದ್ರೆ ಸಾಯೋವರ್ಗೂ ಸ್ಕೂಟರ್ ಸೀಟು. ಟಾಪ್ ಅನ್ನೋ ಮಾತು ಬಾಯಲ್ಲಿ ತರಲ್ಲ. ಟೀಚರಮ್ಮ ಸಾಕ್ಷಿ."

ಹೀಗೆ ಗಂಡ ಹೆಂಡಿರ ಪಂದ್ಯಕ್ಕೆ ನನ್ನ ಕಾರು ಅಖಾಡವಾಯಿತು.

ಮೂರು ದಿನ ಅವರು ಕಾರಿನೊಳಗೆ ಸುಮ್ಮನೆ ಮಲಗಿ ಮೇಲೆ ನೋಡುತ್ತಿದ್ದರು. ನಾಲ್ಕನೆಯ ದಿನ ನನ್ನನ್ನು ಕರೆದು, "ಕೈ ಮೇಲಕ್ಕೆ ಹೋಗಲ್ಲ ಅಂದ್ರೆ ಮೇಲಿರೋದು ಕೆಳಕ್ಕೆ ಬರ್ಬೇಕು" ಎಂದರು. ಯೋಜನೆ ಇಷ್ಟು. ಕಾರನ್ನು ಪೂರ್ತಿ ತಲೆಕೆಳಗು ಮಾಡುವುದು. ಆಗ ಛಾವಣಿ ನೆಲವಾಗುತ್ತದೆ. ಚಾಪೆ ಹಾಸಿದಂತೆ ಬಟ್ಟೆ ಹಾಸಿ, ಕೂತುಕೊಂಡೇ ಹೊಲಿದು, ಮತ್ತೆ ನೆಟ್ಟಗೆ ಮಾಡುವುದು.

"ನೀವು ಸೈನ್ಸ್ ಓದಿದೋರು. ಇದ್ರಲ್ಲಿ ಏನಾದ್ರೂ ತಪ್ಪಿದ್ಯಾ ಹೇಳಿ" ಎಂದರು.

ನಾನು ಯೋಚಿಸಿದೆ. ಆಯಿಲ್ ಸೋರುತ್ತದೆ ಎಂದೆ. ಪೆಟ್ರೋಲ್ ಇಳಿಸಬೇಕು, ಬ್ಯಾಟರಿ ತೆಗೆಯಬೇಕು, ಗಾಜು, ಸೀಟು ಬಿಚ್ಚಬೇಕು, ತಗಡು ನಗ್ಗಬಾರದು ಎಂದೆ. ಎಲ್ಲಕ್ಕೂ ಅವರು ತಲೆಯಾಡಿಸಿದರು. ಗುರುತ್ವಾಕರ್ಷಣೆಯೊಂದು ಮಾತ್ರ ನನಗೆ ಹೊಳೆಯಲಿಲ್ಲ. ಅದೇ ವಾರ ಒಂಬತ್ತನೇ ತರಗತಿಗೆ ಅದೇ ಪಾಠ ಮಾಡಿದ್ದೆ. ಅದೇ ವಾರವೋ, ಅಥವಾ ಕಥೆ ಚೆನ್ನಾಗಿರಲಿ ಎಂದು ನನ್ನ ನೆನಪು ಆ ಪಾಠವನ್ನು ಅಲ್ಲಿಗೆ ಎಳೆದು ತಂದಿದೆಯೋ, ಪ್ರಮಾಣ ಮಾಡಲಾರೆ.

ಬಟ್ಟೆಯ ಆಯ್ಕೆಯಲ್ಲೂ ಅವರಿಗೆ ಒಂದು ಕಟ್ಟಳೆ. ಮಗ್ಗದಿಂದ ಇಳಿದ ಹಾಗೇ ಇರುವ, ಬಣ್ಣ ಕಾಣದ, ನೀರು ಕಾಣದ ಹತ್ತಿಯ ಕೋರಾ ಬಟ್ಟೆಯೇ ಆಗಬೇಕು. ಅದನ್ನು ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿದ ಮೇಲೆಯೇ ಕತ್ತರಿ. "ಕುಗ್ಗೋದಿದ್ರೆ ಮೊದ್ಲೇ ಕುಗ್ಗಿಬಿಡ್ಲಿ. ಮನುಷ್ಯ ಆದ್ರೂ ಸರಿ, ಬಟ್ಟೆ ಆದ್ರೂ ಸರಿ." ಭುಜ ಹೋದಮೇಲೆ ಒಗೆಯುವ ಕೆಲಸ ಜೈಬುನ್‌ಬೀಯವರದಾಗಿತ್ತು. ಅವರು ತಂದುಕೊಟ್ಟ ಬಟ್ಟೆಯನ್ನು ಸಾಹೇಬರು ಬೆರಳಲ್ಲಿ ಉಜ್ಜಿ ನೋಡಿ, "ಇಷ್ಟು ಬಿರುಸು ಯಾಕಿದೆ?" ಎಂದರು.

"ಗಂಜಿ ಹಾಕಿ ಇಸ್ತ್ರಿ ಮಾಡಿದೀನಿ. ಹೊಲಿಯೋಕೆ ಸಲೀಸಾಗ್ಲಿ ಅಂತ" ಎಂದರು ಆಕೆ.

ಕಾರನ್ನು ಮಗುಚಲು ಬಂದವನು ಆವತಿಯ ಮುನಿರಾಜು. ಲೇಔಟುಗಳಿಗೆ ನೆಲ ಸಮ ಮಾಡುವ ಜೆಸಿಬಿ ಅವನದು, ಊರಲ್ಲಿ ಒಂದಿಷ್ಟು ದ್ರಾಕ್ಷಿ ತೋಟವೂ ಇತ್ತು. ಅಂಗಡಿಯ ಹಿಂದಿನ ಖಾಲಿ ಸೈಟಿನಲ್ಲಿ ಸಾಹೇಬರು ತಮ್ಮಲ್ಲಿದ್ದ ಹಳೆಯ ಸ್ಪಂಜನ್ನೆಲ್ಲ ಹಾಸಿದ್ದರು. ಎಷ್ಟೋ ಬಸ್ಸು, ಟೆಂಪೋಗಳ ಸೀಟುಗಳಿಂದ ಕಿತ್ತ ಸ್ಪಂಜು, ಮಂಡಿಯೆತ್ತರಕ್ಕೆ.

ಮುನಿರಾಜು ಹಾಸಿಗೆಯನ್ನೂ ಕಾರನ್ನೂ ನೋಡಿದ. "ಸಾಬ್ರೇ, ನಾನು ಬಾವಿ ಮುಚ್ಚಿದೀನಿ, ಬಂಡೆ ಎತ್ತಿದೀನಿ, ಸತ್ತ ಎಮ್ಮೆ ಹೂತಿದೀನಿ. ಓಡಾಡ್ಕೊಂಡಿರೋ ಕಾರನ್ನ ಅಂಗಾತ ಮಲಗ್ಸಿಲ್ಲ."

"ಇವತ್ತು ಮಲಗ್ಸು. ಒಂದು ಕೆಲ್ಸ ಕಲ್ತಂಗಾಯ್ತು."

"ಎದ್ದಿಲ್ಲ ಅಂದ್ರೆ ನನ್ನ ಕೇಳ್ಬೇಡ್ರಿ ಟೀಚರ್."

ಪಟ್ಟಿ ಕಟ್ಟಿ, ನಿಧಾನವಾಗಿ, ಮಗುವಿನ ಬಟ್ಟೆ ಬದಲಿಸುವವರಂತೆ ಅವನು ಕಾರನ್ನು ಹೊರಳಿಸಿದ. ನಾಲ್ಕು ಚಕ್ರ ಆಕಾಶಕ್ಕೆ. ಸಾಹೇಬರು ಸೂಜಿ ದಾರ ತೆಗೆದುಕೊಂಡು ಮುಂದಿನ ಗಾಜಿನ ಕಿಂಡಿಯಲ್ಲಿ ತೆವಳಿ ಒಳಗೆ ಹೋದರು.

ಅರ್ಧ ಗಂಟೆಯಲ್ಲಿ ಜನ ಸೇರಿದರು. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬರುತ್ತಿದ್ದವರು ಬೈಕು ನಿಲ್ಲಿಸಿ, "ಎಷ್ಟ್ ಜನ ಇದ್ರಂತೆ ಒಳಗೆ?" ಎಂದು ಕೇಳತೊಡಗಿದರು. ಯಾರೋ ಫೋನ್ ಮಾಡಿದ್ದರಿಂದ ಆಂಬುಲೆನ್ಸೂ ಬಂತು. ಅದರಿಂದ ಇಳಿದ ನರ್ಸ್ ಹುಡುಗಿ ಯಾರನ್ನೂ ಏನೂ ಕೇಳದೆ ಕಾರಿನೊಳಗೆ ಬಗ್ಗಿ, ಸಾಹೇಬರ ಕಾಲು ಹಿಡಿದು, "ಅಜ್ಜ, ಅಲ್ಲಾಡ್ಬೇಡಿ. ಎಲ್ಲಿ ನೋವು?" ಎಂದಳು.

"ಭುಜ" ಎಂದರು ಸಾಹೇಬರು.

"ಯಾವಾಗಿಂದ?"

"ಎಂಟು ವರ್ಷ ಆಯ್ತು ನೋಡಮ್ಮ."

ಆಕೆ ನಿಜಕ್ಕೂ ಒಳ್ಳೆಯವಳು. ವಿಷಯ ತಿಳಿದಮೇಲೂ ಬೈಯದೆ, ಭುಜ ಮುಟ್ಟಿ ನೋಡಿ, ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ಹೇಳಿಕೊಟ್ಟು ಹೋದಳು. ಸಾಹೇಬರು ತಲೆಕೆಳಗಾದ ಕಾರಿನ ಬಾಗಿಲ ಮೇಲೆ ಅದನ್ನು ಎರಡು ಸಲ ಮಾಡಿ ಬಿಟ್ಟರು.

ಶನಿವಾರ, ಭಾನುವಾರ ಎರಡೂ ದಿನ ಕೆಲಸ ನಡೆಯಿತು. ಭಾನುವಾರ ಸಂಜೆ ನಾನೂ ತೆವಳಿ ಒಳಗೆ ಹೋಗಿ ಅಂಗೈಯಲ್ಲಿ ಸವರಿದೆ. ಒಂದು ನಿರಿಗೆ ಇರಲಿಲ್ಲ. ಅಷ್ಟು ನುಣುಪಾದ ಟಾಪನ್ನು ನಾನು ಕಂಡಿರಲಿಲ್ಲ. ಸಾಹೇಬರ ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಜೈಬುನ್‌ಬೀ ಮಾತ್ರ ಹೊರಗೇ ನಿಂತಿದ್ದರು.

ಸೋಮವಾರ ಶಾಲೆಗೆ ಯಾವುದೋ ರಜೆ. ಮುನಿರಾಜು ಬೆಳಿಗ್ಗೆಯೇ ಬಂದು ಕಾರನ್ನು ನೆಟ್ಟಗೆ ಮಾಡಿದ. ಮಾಡುತ್ತಿದ್ದಂತೆಯೇ ಒಳಗೆ ಪೊತ್ ಎಂದು ಸಣ್ಣ ಸದ್ದಾಯಿತು.

ಕಂಬಿ ಕಂಬಿಯ ನಡುವೆಯೂ ಹಿಂದಿನ ಮುಂದಿನ ಅಂಚುಗಳಲ್ಲೂ ಬಟ್ಟೆ ಜೋತುಬಿದ್ದಿತ್ತು. ಸಾಲಾಗಿ ಐದು ತೊಟ್ಟಿಲು. ತಲೆಕೆಳಗಾಗಿದ್ದಾಗ ಬಟ್ಟೆ ತನ್ನ ಭಾರಕ್ಕೇ ತಗಡಿನ ಮೇಲೆ ಹಾಸಿಕೊಂಡಿತ್ತು. ಅದನ್ನು ನಾವು ಬಿಗಿ ಎಂದುಕೊಂಡಿದ್ದೆವು. ನೆಟ್ಟಗಾದ ಕೂಡಲೇ ಅದೇ ಭಾರ ಅದನ್ನು ಕೆಳಗೆಳೆದಿತ್ತು. ಒಂಬತ್ತನೇ ತರಗತಿಯ ಮಕ್ಕಳು ಯಾರೂ ಅಲ್ಲಿರಲಿಲ್ಲ ಎನ್ನುವುದೊಂದೇ ಸಮಾಧಾನ.

ಮುನಿರಾಜು ಇಣುಕಿ ನೋಡಿ, "ಗಾಳಿ ಆಡುತ್ತೆ ಬಿಡಿ ಸಾಬ್ರೇ" ಎಂದ.

ಸಾಹೇಬರು ಕಾರಿನೊಳಗೆ ಹೋಗಿ, ಸೀಟಿಲ್ಲದ ನೆಲದ ಮೇಲೆ ಕೂತರು. ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದು ಬಟ್ಟೆಯನ್ನು ಮುಟ್ಟಲು ನೋಡಿದರು. ಮೊಣಕೈ ಕಿವಿಯ ಮಟ್ಟಕ್ಕೂ ಬರಲಿಲ್ಲ. ಬಿಗಿಯಬೇಕಾದರೆ ಹೊಲಿಗೆಯನ್ನೆಲ್ಲ ಬಿಚ್ಚಿ, ಕೈ ಮೇಲೆತ್ತಿ, ಎಳೆದೆಳೆದು ಹಾಕಬೇಕು. ಅದು ಅವರಿಂದ ಆಗುವ ಮಾತಲ್ಲ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಮಧ್ಯಾಹ್ನ ಜೈಬುನ್‌ಬೀ ತಟ್ಟೆ ತಂದು ಗಾಜಿಲ್ಲದ ಕಿಂಡಿಯಲ್ಲಿ ಚಾಚಿದರು. "ಬನ್ನಿ ಹೊರಗೆ. ಸ್ಕೂಟರ್ ಸೀಟಲ್ಲೂ ಅನ್ನ ಇದೆ."

"ನೀನು ಗೆದ್ದೆ, ಹೋಗು" ಎಂದರು ಸಾಹೇಬರು.

ಆಕೆ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಮುಚ್ಚಿದ ತಟ್ಟೆಯನ್ನು ನೋಡಿ ಹೋದರು. ಮೂರನೆಯ ಸಲ ಬಂದಾಗ ಕಾರಿನ ಹತ್ತಿರ ನಿಂತು, ನನ್ನನ್ನು ನೋಡುತ್ತಾ ಗಂಡನಿಗೆ ಹೇಳಿದರು. "ಅದಕ್ಕೆ ಗಂಜಿ ಹಾಕಿರ್ಲಿಲ್ಲ."

"ಏನು?"

"ಬಟ್ಟೆಗೆ. ಒಗ್ದೇ ಇಲ್ಲ. ಅವತ್ತು ನಲ್ಲಿ ಬಂದಿರ್ಲಿಲ್ಲ. ಹಂಗೇ ಇಸ್ತ್ರಿ ಹಾಕ್ಕೊಟ್ಟೆ."

ಸಾಹೇಬರ ತಲೆ ಕಿಂಡಿಯಲ್ಲಿ ಕಾಣಿಸಿತು. ಬೈಯುತ್ತಾರೆ ಅಂದುಕೊಂಡೆ. "ಮುನಿರಾಜೂ, ದ್ರಾಕ್ಷಿಗೆ ಔಷಧಿ ಹೊಡಿಯೋ ಪಂಪು ಇದ್ಯಾ ನಿನ್ ತಾವ?" ಎಂದರು.

ನೀರು ಕಾಣದ ಕೋರಾ ಬಟ್ಟೆ ನೀರು ಕಂಡರೆ ಕುಗ್ಗುತ್ತದೆ. ಕುಗ್ಗಲು ಬೇರೆ ಜಾಗವಿಲ್ಲದೆ ಕಂಬಿಗೆ ಬಿಗಿಯಬೇಕು. ಇದು ನನಗೆ ಅರ್ಥವಾಗುವ ಹೊತ್ತಿಗೆ ಮುನಿರಾಜು ಪಂಪು ತೊಳೆದು ತಂದಾಗಿತ್ತು. ಉದ್ದನೆಯ ಕೊಳವೆಯನ್ನು ಸೊಂಟದ ಹತ್ತಿರ ಹಿಡಿದರೂ ನೀರು ಮೇಲಕ್ಕೆ ಚಿಮ್ಮುತ್ತದೆ, ಕೈ ಎತ್ತಬೇಕಿಲ್ಲ. ಸಾಹೇಬರು ಪಂಪನ್ನು ಬೆನ್ನಿಗೆ ಹಾಕಿಕೊಂಡು ಕಾರಿನ ಬಾಗಿಲುಗಳಲ್ಲಿ ಒಂದೊಂದಾಗಿ ನಿಂತು ಛಾವಣಿಗೆ ನೀರು ಹೊಡೆದರು. ಆಮೇಲೆ ಒದ್ದೆ ಟೋಪಿಯಲ್ಲೇ ಬಾನೆಟ್ಟಿಗೆ ಒರಗಿ, ಆರಿದ ಅನ್ನವನ್ನು ಪೂರ್ತಿ ಉಂಡರು.

ಮಾರನೆಯ ದಿನದ ಬಿಸಿಲಿಗೆ ಬಟ್ಟೆ ಒಣಗಿತು. ಶಾಲೆ ಮುಗಿಸಿ ಬಸ್ಸಿನಲ್ಲಿ ಬಂದು ನೋಡಿದೆ. ಬೆಂಕಿಗೆ ಹಿಡಿದ ತಮಟೆಯಂತಾಗಿತ್ತು. ಬೆರಳಲ್ಲಿ ತಟ್ಟಿದರೆ ದನಿ ಕೊಡುತ್ತಿತ್ತು. ಹಿಂದಿನ ಬಲಮೂಲೆ ಮಾತ್ರ ಕೊಂಚ ಸಡಿಲ, ಅದು ಇವತ್ತಿಗೂ ಹಾಗೇ ಇದೆ. ಬಿಸಿ ಹೆಚ್ಚಾದ ದಿನ ದ್ರಾಕ್ಷಿ ಔಷಧಿಯ ವಾಸನೆಯೂ ಬರುತ್ತದೆ.

ಒಂದು ವಾರದೊಳಗೆ ಸಾಹೇಬರು ಊರಿಗೆಲ್ಲ ಹೇಳತೊಡಗಿದ್ದರು. "ಒಗೀದೇ ಇರೋ ಕೋರಾ. ಅದೇ ಗುಟ್ಟು. ನಲವತ್ತು ವರ್ಷದಿಂದ ಯಾರಿಗೂ ಹೇಳಿರ್ಲಿಲ್ಲ." ಜೈಬುನ್‌ಬೀ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಟಾಪ್ ಕೆಲಸ ಹುಡುಕಿಕೊಂಡು ಇಬ್ಬರೋ ಮೂವರೋ ಬಂದರು. ಮೊದಲು ಕಾರನ್ನು ಮಗುಚಬೇಕು ಎಂದ ಕೂಡಲೇ ಎಲ್ಲರೂ, ಮನೆಯಲ್ಲಿ ಕೇಳಿಕೊಂಡು ಬರುತ್ತೇವೆ ಎಂದು ಹೋದರು. ಸಾಹೇಬರಿಗೆ ಬೇಸರವಾಗಲಿಲ್ಲ. "ಧೈರ್ಯ ಇಲ್ಲ ಜನಕ್ಕೆ" ಎನ್ನುತ್ತಾ ಸ್ಕೂಟರ್ ಸೀಟು ಹೊಲಿಯುತ್ತಿದ್ದರು, ಟಾಪ್ ಮಸ್ತಾನ್ ಆಗಿಯೇ.

ಕಡೆಯ ಸಲ ಕಂಡದ್ದು ಅವರ ಅಂಗಡಿಯಲ್ಲಿ. ಮಳೆ ಬರುವ ಹಾಗಿತ್ತು. ಕಾರಿನ ಬಾಗಿಲು ತೆಗೆದು, ಬಗ್ಗಿ, ಮೇಲೆ ನೋಡಿ, "ಚೆನ್ನಾಗಿದ್ದಾನೆ" ಎಂದರು. ಬಟ್ಟೆಯನ್ನು ಅವರು ಅವನು ಎಂದು ಕರೆದದ್ದು ಅದೇ ಮೊದಲು. ಅಥವಾ ಅವರು ಹೇಳಿದ್ದು ಮುನಿರಾಜು ವಿಷಯವೋ ಏನೋ. ನಾನು ಹೂಂ ಎಂದಿದ್ದೆ, ಎರಡಕ್ಕೂ ಆಗುತ್ತದೆ.

ಮುಂದಿನ ಚಳಿಗಾಲದಲ್ಲಿ ಎದೆನೋವು ಬಂದು ಎರಡೇ ದಿನದಲ್ಲಿ ಹೋದರು. ಅಂಗಡಿ ಮುಚ್ಚಿ ಜೈಬುನ್‌ಬೀ ಹೊಸಕೋಟೆಯ ಮಗಳ ಮನೆಗೆ ಹೊರಟಾಗ, ನಾನೇ ಬಿಟ್ಟುಬರುತ್ತೇನೆ ಎಂದು ಅದೇ ಕಾರಿನಲ್ಲಿ ಕೂರಿಸಿಕೊಂಡೆ. ದೇವನಹಳ್ಳಿ ದಾಟುವವರೆಗೆ ಆಕೆ ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ತಲೆಯೆತ್ತದೆ ಹೇಳಿದರು.

"ಅವತ್ತು ನಲ್ಲಿ ಬಂದಿತ್ತು ಟೀಚರಮ್ಮ."

ನಾನು ಗೇರು ಬದಲಿಸಿದೆ.

"ಬೇಕಂತಲೇ ಒಗೀಲಿಲ್ಲ. ಮೊದ್ಲ ಮಳೆ ತೇವಕ್ಕೆ ಬಟ್ಟೆ ಕುಗ್ಗಿ ಹೊಲಿಗೆ ಕಿತ್ತೋಗ್ಲಿ, ಅವರಿಗೆ ಅವಮಾನ ಆಗಿ ಈ ಕೆಲ್ಸ ಬಿಡ್ಲಿ, ಇರೋ ಅರ್ಧ ಕೈ ಆದ್ರೂ ಉಳೀಲಿ ಅಂತ. ನಿಮ್ಮ ಗಾಡಿಗೆ ಅನ್ಯಾಯ ಮಾಡ್ದೆ."

"ಅವತ್ತು ಹೇಗೂ ಟಾಪ್ ಜೋತುಬಿದ್ದಿತ್ತಲ್ಲ" ಎಂದೆ. "ನೀವು ಸುಮ್ಮನಿದ್ದಿದ್ರೆ ಗೆದ್ದೇಬಿಡ್ತಿದ್ರಿ. ಯಾಕೆ ಹೇಳಿದ್ರಿ?"

ಆಕೆ ಸೆರಗು ಸರಿಮಾಡಿಕೊಂಡರು.

"ಮೂರೂವರೆ ಆಗೋಗಿತ್ತು ಟೀಚರಮ್ಮ. ಅವರು ಊಟ ಮಾಡಿರ್ಲಿಲ್ಲ."