ಪ್ರಸಾದವೆಂದು ಕೊಟ್ಟದ್ದು

ಆ ಫೋನು ಬಂದಾಗ ನಾನು ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಚೇಳೂರಿನ ತವರಿನಿಂದ ಅಣ್ಣ ಒಂದು ಚೀಲ ಕಳಿಸಿದ್ದ. ಶಿವರಾತ್ರಿ ಕಳೆದು ಬಿಸಿಲೇರುವ ಹೊತ್ತಿಗೆ ಬೀಜ, ನಾರು ತೆಗೆದು ಉಪ್ಪು ಹಾಕಿ ತುಂಬಿಟ್ಟುಬಿಟ್ಟರೆ ವರ್ಷಪೂರ್ತಿ ಸಾರಿಗೆ ಚಿಂತೆಯಿಲ್ಲ. ಕೈಯೆಲ್ಲ ಅಂಟಾಗಿತ್ತು. ಬೆರಳ ಗೆಣ್ಣಿನಿಂದ ಒತ್ತಿ ಸ್ಪೀಕರ್ ಹಾಕಿದೆ.

“ಗಾಬರಿ ಆಗ್ಬೇಡಿ ಮೇಡಂ,” ಅಂದರು ಮಗಳ ಟೀಚರು. ಹಾಗೆಂದ ಮೇಲೆ ಗಾಬರಿಯಾಗದ ತಾಯಿ ಎಲ್ಲಿದ್ದಾಳೆ? “ಮಗು ಚೆನ್ನಾಗಿದಾಳೆ. ಗೇಟ್ ತೆಗ್ದಾಗ ರೋಡಿಗೆ ಓಡ್ಬಿಟ್ಲು. ಆಟೋದವ್ರು ಬ್ರೇಕ್ ಹಾಕಿದ್ರು. ನೀವು ಒಂದ್ಸಲ ಬಂದ್ಬಿಡಿ.”

ಅಂಟುಗೈಯಲ್ಲೇ ಹೋದೆ. ಮಗಳು ಟೀಚರ ಕೈ ಹಿಡಿದುಕೊಂಡು, ಸೈಕಲ್ಲಿನಲ್ಲಿ ಗಿರಗಿಟ್ಲೆ ಮಾರುವವನು ಯಾವ ಕಡೆ ಹೋದನೆಂದು ಇನ್ನೂ ಕತ್ತು ಚಾಚಿ ಹುಡುಕುತ್ತಿದ್ದಳು. ಅವನ ಹಿಂದೆಯೇ ಓಡಿದ್ದಂತೆ. ಆಟೋದವನು ಮಾತ್ರ ಫುಟ್‌ಪಾತಿನ ಮೇಲೆ ತಲೆ ಹಿಡಿದು ಕೂತಿದ್ದ. ನಾನು ಕೈ ಮುಗಿದೆ.

“ನಂದೇನಿಲ್ಲಕ್ಕ. ಬ್ರೇಕ್ ಹಿಡೀತು, ಅಷ್ಟೇ. ನಿನ್ನೆ ತಾನೇ ಮಾಡ್ಸಿದ್ದೆ,” ಅಂದ. ಆಮೇಲೆ, “ನಂಗೂ ಇಷ್ಟೇ ಉದ್ದದ ಮಗ್ಳವ್ಳೆ,” ಅಂತ ಕಣ್ಣು ಒರೆಸಿಕೊಂಡ.

ಇವತ್ತಿಗೂ ಪೂಜೆಗೆ ಕೂತಾಗ ಅವನ ಬ್ರೇಕನ್ನು ನೆನೆಯುತ್ತೇನೆ. ಹಿಂದಿನ ದಿನ ಅದನ್ನು ಸರಿಮಾಡಿಸುವ ಬುದ್ಧಿ ಅವನಿಗೆ ಕೊಟ್ಟವನು ಶಿವನೇ ಎಂದು ನಾನು ನಂಬಿದ್ದೇನೆ.

ಮಗಳಿಗೆ ಆಗ ಏಳು ವರ್ಷ. ಕೂತಲ್ಲಿ ಕೂರದ ಮಗು. ಒಂದು ಮುದ್ದೆ ಮುಗಿಸುವುದರೊಳಗೆ ಏಳೆಂಟು ಸಲ ಎದ್ದು ಓಡುತ್ತಿದ್ದಳು. ಸಿಟ್ಟು ಬಂದರೆ ಪಕ್ಕದ ಮಗುವಿನ ಜಡೆ ಹಿಡಿದು ಎಳೆಯುವಳು, ಮರುಗಳಿಗೆಗೆ ಅದೇ ಮಗುವಿನ ಜೊತೆ ತಾನೂ ಅಳುವಳು. ನಮ್ಮ ಬೀದಿಯ ಯಾವ ಹುಟ್ಟುಹಬ್ಬಕ್ಕೂ ಅವಳನ್ನು ಕರೆಯುವುದು ನಿಂತು ವರ್ಷವಾಗಿತ್ತು. ತುಮಕೂರಿನಲ್ಲೇ ಒಬ್ಬ ಮಕ್ಕಳ ಮನಸ್ಸಿನ ಡಾಕ್ಟರಮ್ಮನಿಗೆ ತೋರಿಸಿದ್ದೆವು. ಇದು ಹಟವಲ್ಲ, ನಿಮ್ಮ ಸಾಕಣೆಯ ತಪ್ಪೂ ಅಲ್ಲ, ಗಮನ ಒಂದು ಕಡೆ ನಿಲ್ಲದ ತೊಂದರೆ ಅಂದರು. ಅವರು ಹೇಳಿದ ಹಾಗೆ ಆರು ತಿಂಗಳು ಮಾಡಿದೆವು: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದರೆ ಕೂಡಲೇ ಹೊಗಳುವುದು, ಗೋಡೆಗೆ ಚಿತ್ರದ ಪಟ್ಟಿ. ಸ್ವಲ್ಪ ಅನುಕೂಲವಾಯಿತು, ಸಾಲಲಿಲ್ಲ. ಇನ್ನು ಮಾತ್ರೆ ಶುರುಮಾಡುವುದು ಒಳ್ಳೆಯದು ಅಂತ ಬರೆದುಕೊಟ್ಟರು.

ಆ ಚೀಟಿಯನ್ನು ಮಡಿಚಿ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಕೆಳಗೆ ಇಟ್ಟವಳು ಮೂರು ತಿಂಗಳು ಮುಟ್ಟಿರಲಿಲ್ಲ. ಅಮೃತೂರಿನಿಂದ ಅತ್ತೆ ಬಂದಿದ್ದಾಗ ವಿಷಯ ಕೇಳಿ ಎದೆ ಹೊಡೆದುಕೊಂಡಿದ್ದರು. “ಹುಚ್ಚಿನ ಮಾತ್ರೆನಾ? ಹೆಣ್ಮಗೀಗೆ? ನಾಳೀಕೆ ಇವಳನ್ನ ಯಾರವ್ವ ಮನೆ ತುಂಬಿಸ್ಕತಾರೆ?” ನಮ್ಮನೆಯವರು ಕಾರ್ಖಾನೆಯ ಶಿಫ್ಟಿಗೆ ಹೊರಡುತ್ತಾ, “ನೀನು ಹೆಂಗಂತೀಯೋ ಹಂಗೆ ಕಣೇ,” ಅಂದರು. ಅದು ಒಪ್ಪಿಗೆಯೂ ಅಲ್ಲ, ಸಹಾಯವೂ ಅಲ್ಲ. ಭಾರವನ್ನೆಲ್ಲ ನನ್ನ ಮಡಿಲಿಗೆ ಹಾಕಿ ಬಸ್ಸು ಹತ್ತುವುದು, ಅಷ್ಟೇ.

ಗೇಟಿನ ಘಟನೆಯ ದಿನ ಸಂಜೆ ಚೀಟಿ ಹೊರತೆಗೆದು ಮಾತ್ರೆ ತಂದೆ. “ಮಗುಗೆ ಏನಕ್ಕೆ ಅಂತ ಹೇಳಿಯೇ ಕೊಡಿ,” ಅಂತ ಡಾಕ್ಟರಮ್ಮ ಹೇಳಿದ್ದರು. ಹೇಳುವ ಧೈರ್ಯ ನನಗಿರಲಿಲ್ಲ. ಅವಳು ಅಜ್ಜಿಯ ಮುಂದೆ ಬಾಯಿಬಿಟ್ಟರೆ? ಸ್ಕೂಲಿನಲ್ಲಿ ಹೇಳಿಕೊಂಡರೆ? ಏನೂ ಹೇಳದೆ ಮೊದಲ ಎರಡು ಬೆಳಗ್ಗೆ ಮೂಗು ಹಿಡಿದು ನುಂಗಿಸಲು ಹೋದೆ. ಅವಳು ಉಗಿದಳು, ಕೈ ಪರಚಿದಳು, ಬಾಗಿಲ ಸಂದಿಗೆ ಹೋಗಿ ಕೂತಳು.

ಮೂರನೆಯ ಬೆಳಗ್ಗೆ ಪೂಜೆಯಲ್ಲಿದ್ದೆ. ಇಡೀ ದಿನದಲ್ಲಿ ಅವಳು ತಾನಾಗಿ ಬಂದು ಕೂರುತ್ತಿದ್ದುದು ಅಲ್ಲಿ ಮಾತ್ರ. ನನ್ನ ಅಂಗೈಯ ಮೇಲಿನ ಇಷ್ಟಲಿಂಗವನ್ನು ನೋಡುತ್ತಾ, ಕಾಲು ಅಲ್ಲಾಡಿಸುತ್ತಾ ಕೊನೆಯವರೆಗೂ ಕಾಯುವಳು. ತೀರ್ಥ ಕೊಟ್ಟು “ಪ್ರಸಾದ” ಅಂದೊಡನೆ ಹಕ್ಕಿಮರಿಯ ಹಾಗೆ ಬಾಯಿ ತೆರೆಯುವಳು. ಏನಿದೆ ಎಂದು ನೋಡುತ್ತಲೂ ಇರಲಿಲ್ಲ. ಆ ತೆರೆದ ಬಾಯಿ ನೋಡಿದಾಗ ನನಗೆ ಆ ಯೋಚನೆ ಬಂತು.

ಆ ಮಾತ್ರೆಯನ್ನು ಪುಡಿಮಾಡಬಹುದೇ ಎಂದು ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಮಾಡಬಹುದು ಅಂದರು. ಯಾವುದರಲ್ಲಿ ಕಲಸುತ್ತೇನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾರನೆಯ ದಿನದಿಂದ ಬಾಳೆಹಣ್ಣು, ಸಕ್ಕರೆ, ಒಂದು ತೊಟ್ಟು ತುಪ್ಪದಲ್ಲಿ ಪುಡಿ ಕಲಸಿ, ಪೂಜೆ ಮುಗಿಸಿ, “ಪ್ರಸಾದ ಕಣಮ್ಮ,” ಅಂದೆ. ತಿಂದಳು. ತಪ್ಪಾಯಿತು ಶಿವನೇ, ಮಗು ಉಳಿಯಲಿ, ಅಂತ ಬೇಡಿಕೊಂಡೆ.

ಮಾತ್ರೆ ಕೆಲಸ ಮಾಡಿತು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹತ್ತು ದಿನದೊಳಗೆ ಒಂದು ಪುಟ ಪೂರ್ತಿ ಬರೆದಳು, ಅಕ್ಷರಗಳು ಗೆರೆಯ ಮೇಲೆ ನಿಂತಿದ್ದವು. ರಸ್ತೆ ದಾಟುವಾಗ ಕೇಳದೆಯೇ ನನ್ನ ಕೈ ಹಿಡಿದಳು. ಆ ಹಿಡಿತಕ್ಕೆ ನಾನು ಏಳು ವರ್ಷ ಕಾದಿದ್ದೆ. ಆದರೆ ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ವಾಪಸ್ಸು ಬರುತ್ತಿತ್ತು. ಸಂಜೆ ಸುಮ್ಮನೆ ಕಿಟಕಿಯ ಬಳಿ ಕೂರುವಳು. ಪೂಜೆಗೆ ಬರುವುದು ದಿನದಿಂದ ದಿನಕ್ಕೆ ತಡವಾಯಿತು. ತೆರೆಯುವ ಬಾಯಿ ಚಿಕ್ಕದಾಗುತ್ತಾ ಬಂತು. ನಾನು ಅದನ್ನು ಮಗು ಗಂಭೀರವಾಗುತ್ತಿದೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು.

ಯುಗಾದಿಗೆ ಅಮೃತೂರಿಗೆ ಹೋದೆವು. ಬೆಳಗ್ಗೆಯೇ ಎಣ್ಣೆನೀರು ಹಾಕಿಸಿ, ಹೊಸ ಲಂಗ ಉಡಿಸಿ, ಅತ್ತೆ ಮೊಮ್ಮಗಳನ್ನು ಈಶ್ವರನ ಗುಡಿಗೆ ಕರೆದುಕೊಂಡು ಹೊರಟರು. ನಾನೂ ಹಿಂದೆ ಇದ್ದೆ. ಪೂಜಾರಪ್ಪ ಎಲ್ಲರ ಅಂಗೈಗೂ ರಸಾಯನ ಹಾಕುತ್ತಾ ಬಂದರು. ಬಾಳೆಹಣ್ಣಿನ ವಾಸನೆ ಬಂದದ್ದೇ ಮಗಳು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡಳು.

“ಇಸ್ಕಳವ್ವ, ಈಶ್ವರಂದು,” ಅಂದರು ಅತ್ತೆ.

“ಬೇಡ ಅಜ್ಜಿ. ದೇವ್ರದ್ದು ತಿಂದ್ರೆ ಹೊಟ್ಟೆ ಮುಚ್ಕೊಳುತ್ತೆ. ಅವ್ನು ಒಳಗೆ ಕಹಿ ಇಡ್ತಾನೆ.”

ಸುತ್ತ ನಿಂತವರು ನಕ್ಕರು. “ಎಲಾ ಇವ್ಳ, ದೇವ್ರ ಮೇಲೇ ಚಾಡಿ ಹೇಳ್ತಾಳಲ್ಲ!” ಅಂದಳು ಒಬ್ಬಾಕೆ. ಪೂಜಾರಪ್ಪನೂ ನಕ್ಕು ಮುಂದೆ ಹೋದರು. ಅತ್ತೆ ನಗಲಿಲ್ಲ. ತಿರುಗಿ ನನ್ನ ಮುಖ ನೋಡಿದರು. ನಾನು ನಂದಿಯ ಕಾಲ ಬಳಿ ಉದುರಿದ್ದ ಬಿಲ್ವಪತ್ರೆ ನೋಡುತ್ತಾ ನಿಂತೆ.

ಮನೆಗೆ ಬಂದು ಅತ್ತೆ ಬೇವಿನ ಹೂ ಬಿಡಿಸುತ್ತಾ ಕೂತರು. ಬೆಲ್ಲ ಕುಟ್ಟಲು ನನ್ನನ್ನು ಕರೆದರು. “ಏನಿಕ್ಕಿದ್ದೆ ಮಗೀಗೆ?” ಅಂದರು.

ಎಲ್ಲ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ಕೂತಿದ್ದೆ. ಅತ್ತೆ ಬಿಡಿಸಿದ ಹೂವನ್ನು ತಟ್ಟೆಗೆ ಹಾಕಿದರು.

“ಮಾತ್ರೆ ಕೊಟ್ಟೆ ಅಂತ ನಂಗೇನಿಲ್ಲ ಕಣವ್ವ. ಗಾಡಿ ಕೆಳೀಕೆ ಓಡೋ ಮಗೀನ ಕಟ್ಟಾಕಕ್ಕಾಯ್ತದಾ? ಕೊಡು. ಆದ್ರೆ ಅವನ ಕೈಲಿ ಯಾಕೆ ಕೊಡಿಸ್ದೆ?” ದೇವರ ಗೂಡಿನ ಕಡೆ ತೋರಿಸಿದರು. “ಬೇವು ಕೊಡಾಗ ಬೇವು ಅಂತ ಹೇಳೇ ಕೊಡ್ತೀವಲ್ಲವ್ವ ನಾವು.”

ನನಗೆ ಅಳು ಬಂತು. “ನಿಮಗೆ ಗೊತ್ತಾಗ್ಬಾರ್ದು ಅಂತಾನೂ ಇತ್ತು ಅತ್ತೆ.”

“ಹುಚ್ಚಿನ ಮಾತ್ರೆ ಅಂದಿದ್ದೆ, ಅದ್ಕೆ. ನಂದೂ ತಪ್ಪೈತೆ, ಬುಡು. ಮಗು ನನ್ನ ಏನಾದ್ರೂ ಅಂದ್ಕಳ್ಳಲಿ. ಆ ಶಿವನನ್ನೇ ನಂಬದಂಗೆ ಮಾಡ್ಬಿಟ್ಯಲ್ಲ.” ಸೆರಗಿನಲ್ಲಿ ಮೂಗು ಒರೆಸಿ, “ಬೆಲ್ಲ ಕುಟ್ಟು, ಹೊತ್ತಾಯ್ತು,” ಅಂದರು.

ಮಧ್ಯಾಹ್ನ ಹಬ್ಬದೂಟವಾದ ಮೇಲೆ ಮಗಳನ್ನು ಜಗಲಿಯಲ್ಲಿ ಕೂರಿಸಿಕೊಂಡು ಹೇಳಿದೆ. ಅದು ಮಾತ್ರೆ. ದೇವರು ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು. ನಿನ್ನ ತಲೆಯೊಳಗಿನ ಓಟ ಸ್ವಲ್ಪ ನಿಧಾನವಾಗಲಿ ಅಂತ.

“ನೀನು ಪ್ರಸಾದ ಅಂದೆ.”

“ಸುಳ್ಳು ಹೇಳ್ದೆ ಕಣಮ್ಮ.”

“ದೇವ್ರಿಗೆ ಗೊತ್ತಾ?”

“ಗೊತ್ತು.”

“ಬೈದ್ನಾ ನಿಂಗೆ?”

“ಇನ್ನೂ ಇಲ್ಲ,” ಅಂದೆ. ಅವಳು ಲಂಗ ಎತ್ತಿ ಹಿಡಿದು ಕರುವಿನ ಹಿಂದೆ ಓಡಿದಳು.

ತುಮಕೂರಿಗೆ ವಾಪಸ್ಸು ಬಂದ ಮೇಲೆ ಡಾಕ್ಟರಮ್ಮನ ಬಳಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಮಗಳು ಸಪ್ಪಗಿರುವುದನ್ನು ಕೇಳಿ ಅಳತೆ ಕಡಿಮೆ ಮಾಡಿದರು, ತಿಂಡಿಯಾದ ಮೇಲೆ ಕೊಡಿ, ಎರಡು ವಾರಕ್ಕೆ ತೂಕ ನೋಡೋಣ ಅಂದರು. ಈಗ ಸ್ಕೂಲು ಶುರುವಾಗಿ ಐದು ತಿಂಗಳು. ಮಾತ್ರೆಯನ್ನು ಅವಳೇ ನೀರಿನಲ್ಲಿ ನುಂಗಿ, ನಾಲಿಗೆ ಚಾಚಿ ನನಗೆ ತೋರಿಸುತ್ತಾಳೆ. ಡಬ್ಬಿ ಅರ್ಧವಾದರೂ ಖಾಲಿಯಾಗುತ್ತದೆ. ರಸ್ತೆಯಲ್ಲಿ ಕೈ ಹಿಡಿಯುತ್ತಾಳೆ. ಕಳೆದ ವಾರ ಎದುರುಮನೆಯ ಹುಟ್ಟುಹಬ್ಬಕ್ಕೆ ಕರೆ ಬಂತು, ಒಂದು ಗಂಟೆ ಇದ್ದು ಬಂದಳು. ಶಿವ ಇಷ್ಟು ಕೊಟ್ಟಿದ್ದಾನೆ. ಕಡಿಮೆ ಅನ್ನಲಾರೆ.

ಪ್ರಸಾದ ಮಾತ್ರ ಮುಟ್ಟುವುದಿಲ್ಲ. ಮನೆಯದೂ ಇಲ್ಲ, ಮಠದ್ದೂ ಇಲ್ಲ. ದಿನಾ ಅವಳ ಪಾಲಿನ ಬಾಳೆಹಣ್ಣಿನ ತುಂಡನ್ನು ಕೊನೆಗೆ ನಾನೇ ತಿನ್ನುತ್ತೇನೆ. ಸುಮ್ಮನೆ ಕೂರಲಿ ಎಂದು ಬೇಡಿದ್ದೆ. ಒಂದೇ ಒಂದು ಕಡೆ ತಾನಾಗಿ ಕೂರುತ್ತಿದ್ದಳು, ಅಲ್ಲಿಂದ ನಾನೇ ಎಬ್ಬಿಸಿ ಕಳಿಸಿದೆ.

ಈ ಸೋಮವಾರ ಪೂಜೆ ಮುಗಿಯುವ ಹೊತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದಳು. ಒಳಗೆ ಬರಲಿಲ್ಲ.

“ಅದ್ರಲ್ಲಿ ಏನೂ ಇಲ್ವಾ?”

“ಏನೂ ಇಲ್ಲ.”

“ನೀನು ಮೊದ್ಲು ತಿನ್ನು.”

ತಿಂದೆ. ಅದು ನನ್ನ ಗಂಟಲಲ್ಲಿ ಇಳಿಯುವವರೆಗೂ ನೋಡುತ್ತಾ ನಿಂತಳು. ಉಳಿದ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದೆ. ಅವಳು ಒಂದು ಹೆಜ್ಜೆ ಇಟ್ಟಳು, ಮೂಸಿ ನೋಡಿದಳು, ಮತ್ತೆ ಹಿಂದೆ ಸರಿದಳು.

“ನಾಳೆ,” ಅಂದು ಓಡಿದಳು.

ಒತ್ತಾಯ ಮಾಡಲಿಲ್ಲ. ಲಿಂಗವನ್ನು ಕರಡಿಗೆಗೆ ಸೇರಿಸಿ ಕೊರಳಿಗೆ ಹಾಕಿಕೊಂಡೆ. ಒಲೆಯ ಮೇಲೆ ಎಸರು ಕೊತಕೊತ ಕುದಿಯುತ್ತಿತ್ತು. ರಾಗಿಹಿಟ್ಟು ಹಾಕಿ, ಉರಿ ಸಣ್ಣ ಮಾಡಿ, ಮುದ್ದೆಕೋಲು ಕೈಗೆ ತೆಗೆದುಕೊಂಡೆ.