ನಾನು ಬಡಿದ ಅಂಗಳ

ನನ್ನ ಮೊಮ್ಮಗಳಿಗೆ ಕೈಗೆ ಮಣ್ಣು ತಾಗಿದರೆ ಆಗುವುದಿಲ್ಲ, ತಕ್ಷಣ ಸಾಬೂನು ಬೇಕು. ನಮಗೆ ಮಣ್ಣೇ ಸಾಬೂನಾಗಿತ್ತು. ತಲೆ ತೊಳೆಯಲು ತೋಡಿನ ಬದಿಯ ನಯವಾದ ಮಣ್ಣು, ಕಂಚಿನ ತಂಬಿಗೆ ತಿಕ್ಕಲು ಹುಳಿ ಬೆರೆಸಿದ ಕೆಮ್ಮಣ್ಣು. ಕಣಜ ಕಚ್ಚಿದರೆ ಒದ್ದೆ ಮಣ್ಣು ಮೆತ್ತುತ್ತಿದ್ದೆವು. ಮಗುವಿಗೆ ದೃಷ್ಟಿ ತಾಗಿದರೆ, ನೋಡಿ ಹೋದವರ ಕಾಲಡಿಯ ಮಣ್ಣನ್ನೇ ತಂದು ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಇಷ್ಟೆಲ್ಲ ಕೆಲಸ ತೆಗೆದುಕೊಂಡು ಅದನ್ನೇ ಕೊಳೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನೆಕ್ರಾಜೆಯ ನಮ್ಮ ಮನೆಯಲ್ಲಿ ಅಂಗಳದ ಕೆಲಸ ನನ್ನದು. ಮಳೆ ಬಿಟ್ಟೊಡನೆ ಪಾಚಿ ಹಿಡಿದ ನೆಲ ಕೆತ್ತಿ, ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಗಟ್ಟಿ ಮಾಡಬೇಕು. ಒಣಗಿದ ಮೇಲೆ ಸೆಗಣಿಗೆ ಮಸಿ ಬೆರೆಸಿ ಸಾರಿಸಬೇಕು. ಅಲ್ಲಿ ಭತ್ತ ಬಡಿಯುವಾಗ ಒಂದು ಕಾಳೂ ಬಿರುಕಿಗೆ ಬೀಳಬಾರದು. ನನ್ನ ಅಂಗಳ ಬಿರುಕು ಬಿಟ್ಟದ್ದೇ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ?

ದೊಡ್ಡ ಯುದ್ಧ ಮುಗಿದು, ಅಕ್ಕಿಗೆ ಇನ್ನೂ ರೇಷನ್ ಇದ್ದ ವರ್ಷ. ಪೆರ್ಲ ಕಡೆಯಿಂದ ನನ್ನನ್ನು ನೋಡಲು ನಾಳೆ ಬರುತ್ತೇವೆಂದವರು ಇವತ್ತೇ ಬಂದುಬಿಟ್ಟರು. ಮೊದಲು ಬಂದ ಸಂಬಂಧಗಳೆಲ್ಲ ನನ್ನ ಬಾಯಿಯಿಂದಲೇ ತಪ್ಪಿದ್ದವು. ಇದೂ ತಪ್ಪಿದರೆ ಇನ್ನು ಯಾರೂ ಬರಲಿಕ್ಕಿಲ್ಲವೆಂದು ಅಮ್ಮನಿಗೆ ನಿದ್ದೆಯಿರಲಿಲ್ಲ. ನಾನಾದರೋ ಆಗಷ್ಟೇ ಅಂಗಳ ಬಡಿದು ಮುಗಿಸಿದ್ದೆ. ದೊಡ್ಡಮ್ಮ ಬಾವಿಕಟ್ಟೆಗೆ ಎಳೆದುಕೊಂಡು ಹೋಗಿ ನಾರಿನಿಂದ ತಿಕ್ಕಿದರೂ ಉಗುರುಗಳ ಕೆಂಪು ಹೋಗಲಿಲ್ಲ. ಕೈ ಸೆರಗಿನೊಳಗೆ ಇರಲಿ, ಬಾಯಿ ಮುಚ್ಚಿರಲಿ ಎಂದು ತಾಕೀತು ಮಾಡಿದರು. ನಾನೂ ಒಪ್ಪಿದೆ.

ಆದರೆ ಹುಡುಗನ ಸೋದರಮಾವ ಮೆಟ್ಟು ಹಾಕಿಕೊಂಡೇ ನೇರ ನನ್ನ ಹಸಿ ಅಂಗಳಕ್ಕೆ ಕಾಲೆತ್ತಿದರು.

"ಅಲ್ಲಿ ಕಾಲಿಡಬೇಡಿ. ಬದಿಯಿಂದ ಬನ್ನಿ," ಎಂದೆ.

ದಾರಿ ತೋರಿಸಲು ಕೈಯೂ ಹೊರಗೆ ಬಂದಿತ್ತು. ಮಾವ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಅಮ್ಮನ ಮುಖ ಸಣ್ಣದಾಯಿತು. ನನಗೆ ಮಾತ್ರ ಹೇಳಿದ್ದು ತಪ್ಪು ಅನ್ನಿಸಲಿಲ್ಲ.

ಹುಡುಗನ ಅಜ್ಜಿ ಬಗ್ಗಿ ಅಂಗಳದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನನ್ನ ಉಗುರು ನೋಡಿದರು.

"ನಮ್ಮಲ್ಲಿ ಇದಕ್ಕಿಂತ ದೊಡ್ಡ ಅಂಗಳ ಉಂಟು. ನಿನ್ನಿಂದ ಆದೀತಾ ಮಗಾ?"

"ಮಣ್ಣು ಎಂತದ್ದು ಅಂತ ನೋಡದೆ ಹೇಗೆ ಹೇಳುವುದು ಅಜ್ಜೀ?"

ಎಲ್ಲರೂ ಬೆಲ್ಲ ನೀರು ಕುಡಿದು ಹೊರಟುಹೋದರು. ಆ ದಿನವಿಡೀ ಅಮ್ಮ ನನ್ನ ಹತ್ತಿರ ಮಾತಾಡಲಿಲ್ಲ. ದೊಡ್ಡಮ್ಮ ಮಾತ್ರ ಇಬ್ಬರ ಪಾಲಿನದನ್ನೂ ಆಡಿದರು.

ವಾರ ಕಳೆದು ಹುಡುಗ ಒಬ್ಬನೇ ಬಂದ. ಬೆವರಿಳಿಯುತ್ತಿತ್ತು, ಕೈಯಲ್ಲಿ ಬಾಳೆಎಲೆಯ ಕಟ್ಟು. ಜಗಲಿಯಲ್ಲಿಟ್ಟು ಬಿಚ್ಚಿದ. ಒಳಗೆ ಅವರ ಅಂಗಳದ ಮಣ್ಣು. ಅಜ್ಜಿ ಕಳಿಸಿದ್ದಂತೆ, ನಾನು ನೋಡಿ ಹೇಳಬೇಕಂತೆ. ಇಷ್ಟನ್ನು ಅವನು ಕಂಬ ನೋಡಿಕೊಂಡು ಹೇಳಿದನೇ ಹೊರತು ನನ್ನ ಮುಖ ನೋಡಲಿಲ್ಲ.

ನಾನು ನೀರು ಹಾಕಿ ಕಲಸಿದೆ, ಉಂಡೆ ಕಟ್ಟಿದೆ, ಒಡೆದು ನೋಡಿದೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಮರಳು ಜಾಸ್ತಿ ಉಂಟು," ಎಂದೆ. "ಗದ್ದೆಯ ಜೇಡಿ ಸೇರಿಸಿದರೆ ಆದೀತು."

"ಎಷ್ಟು ಬೇಕಾದರೂ ನಾನು ಹೊತ್ತು ಹಾಕುತ್ತೇನೆ," ಎಂದ.

ಅಮ್ಮ ಒಳಗೆ ಹೋಗಿ ಅವನಿಗೆ ಊಟಕ್ಕೆ ಎಲೆ ಹಾಕಿದಳು.