ಬಿಸಿಯಾದರೆ ಮುನಿಯುವ ಮೋಟರು

ನಮ್ಮ ಬಡಾವಣೆ ಕೆಂಗೇರಿಯ ತಗ್ಗಿನಲ್ಲಿದೆ, ಬೆನ್ನಿಗೇ ರಾಜಕಾಲುವೆ. ಹೋದ ವರ್ಷ ಮಳೆಗೆ ಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿದಾಗ, ಎಂಬತ್ತು ದಾಟಿದ, ನಡೆಯಲಾಗದ ನನ್ನ ಅಮ್ಮನನ್ನು ಜೆಸಿಬಿಯ ಬಕೆಟ್ಟಿನಲ್ಲಿ ಕೂರಿಸಿ ಸಾಗಿಸಿದರು. ಮಣ್ಣು ಹೊರುವ ಬಕೆಟ್ಟು! ಬೀದಿಯ ಜನವೆಲ್ಲ ಮಹಡಿಗಳಿಂದ ನೋಡುತ್ತಿದ್ದರೆ ಅಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮುದುರಿ ಕೂತಿದ್ದಳು. ಆಮೇಲೆ ಎಷ್ಟೋ ವಾರ ಸಂಜೆ ಬಾಗಿಲ ಬಳಿ ಕೂರುವುದನ್ನೇ ಬಿಟ್ಟಳು. ನಾನು ಬದುಕಿರುವವರೆಗೆ ಇನ್ನೊಂದು ಸಲ ಅವಳನ್ನು ಅದಕ್ಕೆ ಹತ್ತಿಸುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆ.

ಬಡಾವಣೆಯ ಸಂಘದಲ್ಲಿ ಜಗಳವಾಡಿ ಹಳೆಯದೊಂದು ರಬ್ಬರ್ ದೋಣಿ ತರಿಸಿದೆ, ಹಿಂಬದಿಗೆ ಸಿಕ್ಕಿಸುವ ಪುಟ್ಟ ಪೆಟ್ರೋಲ್ ಮೋಟರಿನ ಸಮೇತ. ಬೆಂಗಳೂರಲ್ಲಿ ದೋಣಿಯಂತೆ ಎಂದು ಬೀದಿಗೆ ಬೀದಿಯೇ ನಕ್ಕಿತು. ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತದೆಯೇ? ಆದರೆ ಆ ಮೋಟರು ನನ್ನ ಮಾನ ತೆಗೆಯಿತು. ನೀರು ತುಂಬಿದ ಡ್ರಮ್ಮಿಗೆ ಅದರ ಕಾಲು ಇಳಿಬಿಟ್ಟು ಹಗ್ಗ ಎಳೆದರೆ ಎರಡನೇ ಎಳೆತಕ್ಕೆ ಶುರುವಾಗುತ್ತಿತ್ತು. ಹತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಮುಗಿಯಿತು, ಅರ್ಧ ಗಂಟೆ ತಣ್ಣಗಾಗುವ ತನಕ ಜಪ್ಪಯ್ಯ ಅಂದರೂ ಮತ್ತೆ ಶುರುವಾಗುತ್ತಿರಲಿಲ್ಲ. ಒಂದು ಮನೆಯವರನ್ನು ದಾಟಿಸಿ ಇನ್ನೊಂದು ಮನೆಯ ಮುಂದೆ ನಿಲ್ಲಿಸಿದರೆ ಗತಿ? ಸಂಘದ ಅಧ್ಯಕ್ಷರು ನಿವೃತ್ತ ಅಧಿಕಾರಿ. ಭಾನುವಾರ ಎಲ್ಲರೂ ಸೇರಿ ಒಂದು ಕೈ ನೋಡುವುದು, ಆಗದಿದ್ದರೆ ದೋಣಿ, ಮೋಟರು ಎರಡೂ ಗುಜರಿಗೆ ಎಂದು ಅಪ್ಪಣೆ ಕೊಟ್ಟರು.

ನಮ್ಮ ಬೀದಿಯ ಗಂಡಸರೆಲ್ಲ ಹಳೇ ಸ್ಕೂಟರ್ ಓಡಿಸಿ ತಲೆ ನರೆತವರು. ಗಾಡಿ ಶುರುವಾಗದಿದ್ದರೆ ಪೆಟ್ರೋಲ್ ಹೆಚ್ಚು ಕುಡಿಸುವ ಚೋಕ್ ಎಳೆಯಬೇಕು, ಆಗಲೂ ಆಗದಿದ್ದರೆ ಪಕ್ಕಕ್ಕೆ ವಾಲಿಸಿ ಮತ್ತೆ ಚೋಕ್ ಎಳೆಯಬೇಕು. ಅವರ ವಿದ್ಯೆಯೆಲ್ಲ ಇಷ್ಟೇ. ಭಾನುವಾರ, ಓಡಿ ಬಿಸಿಯಾಗಿದ್ದ ಮೋಟರಿಗೂ ಅದೇ ಪೂಜೆ ಮಾಡಿದರು. ಒಬ್ಬರಾದ ಮೇಲೊಬ್ಬರು ಹಗ್ಗ ಜಗ್ಗಿದರು, ಪೆಟ್ರೋಲ್ ವಾಸನೆ ಬೀದಿ ತುಂಬಿತು. ಕೊನೆಗೆ ಮೋಟರೇ ದಂಡ ಎಂದರು. ಕುಣಿಯಲಾರದವರಿಗೆ ನೆಲ ಡೊಂಕು ತಾನೇ. ನಾನು ಸ್ಪ್ಯಾನರ್ ಕೇಳಿದೆ.

"ಮೇಡಂ, ಇದು ಮಿಕ್ಸಿ ಅಲ್ಲ. ಸುಮ್ನೆ ಕೈ ಸುಟ್ಕೋತೀರ," ಎಂದರು ಅಧ್ಯಕ್ಷರು.

ಮೈಯೆಲ್ಲ ಉರಿದುಹೋಯಿತು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಇಪ್ಪತ್ತೆರಡು ವರ್ಷ ನಾನು ಮಾಡಿದ್ದು ಕಾಯಿಲ್ ಸುತ್ತುವ ಕೆಲಸ. ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ ಸುತ್ತಿ ಕಣ್ಣು ಮಂಜು ಮಾಡಿಕೊಂಡವಳು. ಒಳಗೆಲ್ಲೋ ಬಿರುಕು ಬಿಟ್ಟ ಕಾಯಿಲ್ಲು ತಣ್ಣಗಿದ್ದಾಗ ಒಳ್ಳೆಯದರ ಹಾಗೇ ಇರುತ್ತದೆ. ಬಿಸಿ ತಾಗಿದರೆ ಬಿರುಕು ಬಾಯಿಬಿಟ್ಟು ಕೈಕೊಡುತ್ತದೆ. ಅಂಥ ಕಳ್ಳ ಕಾಯಿಲ್ಲುಗಳ ದೆಸೆಯಿಂದ ಮೇಲಿನವರ ಹತ್ತಿರ ಬೇಕಾದಷ್ಟು ಬೈಸಿಕೊಂಡಿದ್ದೇನೆ.

"ಸಾರ್, ಮಿಕ್ಸಿದೂ ಸುತ್ತಿದೀನಿ. ಚೋಕ್ ಬಿಟ್ಟು ಆ ಕಡೆ ಸರೀರಿ," ಎಂದೆ.

ಕಿಡಿ ಹಾರಿಸುವ ಪ್ಲಗ್ ಬಿಚ್ಚಿದರೆ ಪೆಟ್ರೋಲಿನಲ್ಲಿ ಮಿಂದಿತ್ತು. ಅದನ್ನು ಒರೆಸಿ ಒಣಗಿಸಿ, ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಮೋಟರಿನ ಮೈಗೆ ತಾಗಿಸಿಟ್ಟು ಹಗ್ಗ ಎಳೆಸಿದೆ. ಕಿಡಿಯೇ ಇಲ್ಲ. ಕಿಡಿಯಿಲ್ಲದ ಮೇಲೆ ಕೊಡಗಟ್ಟಲೆ ಪೆಟ್ರೋಲ್ ಕುಡಿಸಿದರೂ ಅಷ್ಟೇ. ಆಮೇಲೆ ಒದ್ದೆ ಬಟ್ಟೆ ಹಿಂಡಿ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ಲಿಗೆ ಮಾತ್ರ ಸುತ್ತಿ ಐದು ನಿಮಿಷ ಬಿಟ್ಟೆ. ಉಳಿದ ಮೋಟರು ಬಿಸಿಯಾಗಿಯೇ ಇತ್ತು. ಬಟ್ಟೆ ತೆಗೆದು ಮತ್ತೆ ಎಳೆಸಿದೆ. ಚಟ್ಟೆಂದು ನೀಲಿ ಕಿಡಿ ಹಾರಿತು. ರೋಗ ಪೆಟ್ರೋಲಿನದಲ್ಲ, ಕಾಯಿಲ್ಲಿನದು ಎಂದೆ. ಅಧ್ಯಕ್ಷರು ಕೆಮ್ಮಿ, ಗುಜರಿಯವನಿಗೆ ಬೇಡವೆಂದು ಫೋನ್ ಮಾಡಿದರು.

ಹೊಸ ಕಾಯಿಲ್ಲು ಸಿಗುವುದಕ್ಕೆ ಹದಿನೈದು ದಿನ ಹಿಡಿಯಿತು. ನಾನೇ ಕೂರಿಸಿದೆ. ಡ್ರಮ್ಮಿನಲ್ಲಿ ಓಡಿಸಿ, ನಿಲ್ಲಿಸಿ, ಬಿಸಿಬಿಸಿಯಾಗಿರುವಾಗಲೇ ಮತ್ತೆ ಶುರುಮಾಡಿ, ಎಲ್ಲರಿಗೂ ಸಾಕುಸಾಕಾಗುವಷ್ಟು ಸಲ ತೋರಿಸಿದೆ.

ಈ ವರ್ಷದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಮತ್ತೆ ನೀರು ಬಂತು, ಸೊಂಟದ ಮಟ್ಟಕ್ಕೆ. ಮೊದಲು ಎದುರುಮನೆಯ ಬಾಣಂತಿಯನ್ನೂ ಕೂಸನ್ನೂ ಎತ್ತರದ ಮುಖ್ಯರಸ್ತೆಗೆ ಮುಟ್ಟಿಸಿ ಬಂದು, ನಮ್ಮ ಮನೆಯ ಮೆಟ್ಟಿಲ ಬಳಿ ಮೋಟರು ನಿಲ್ಲಿಸಿದೆ. ಅಕ್ಕಪಕ್ಕದವರು ಅಮ್ಮನನ್ನು ಎತ್ತಿ ದೋಣಿಯ ಹಲಗೆಯ ಮೇಲೆ ಕೂರಿಸಿದರು. ಹಗ್ಗ ಹಿಡಿದೆ. ಈಗೇನಾದರೂ ಇದು ಮುನಿದರೆ ಅಮ್ಮನಿಗೆ ಮತ್ತೆ ಆ ಬಕೆಟ್ಟೇ ಗತಿ. ಚೋಕ್ ಮುಟ್ಟದೆ ಎಳೆದೆ. ಒಂದೇ ಎಳೆತಕ್ಕೆ ಗುರ್ರೆಂದಿತು.

ಎರಡೂ ಕಡೆಯ ಮಹಡಿಗಳಲ್ಲಿ ಜನ ಸಾಲಾಗಿ ನಿಂತಿದ್ದರು. ಅವರ ಕಣ್ಣಿಂದ ಅಮ್ಮನನ್ನು ಬೇಗ ಪಾರುಮಾಡೋಣವೆಂದು ವೇಗ ಹೆಚ್ಚಿಸಿದೆ. ಅಮ್ಮ ಬೆನ್ನು ನೆಟ್ಟಗೆ ಮಾಡಿ, ತಲೆಯೆತ್ತಿ ಒಂದೊಂದೇ ಮಹಡಿಯನ್ನು ನೋಡುತ್ತಾ ಹೇಳಿದಳು:

"ಏನವಸರ ಕಣೇ ನಿಂಗೆ? ನಿಧಾನಕ್ಕೆ ಓಡ್ಸು. ನೋಡ್ಲಿ."